ಲೋಟದ ಬಾಯಿ ನಿಜಕ್ಕೂ ದುಂಡಗೆ ಕಾಣುತ್ತದಾ?

ಮೇಜಿನ ಮೇಲೊಂದು ಸ್ಟೀಲ್ ಲೋಟ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆದು ನೋಡಿ. ಚಿತ್ರ ಕಲಿಯದವರು ಸಾಮಾನ್ಯವಾಗಿ ಬಾಯಿಯನ್ನು ಜಾಸ್ತಿ ದುಂಡಗೆ ಬರೆಯುತ್ತಾರೆ, ತಳಕ್ಕೆ ನೇರ ಗೆರೆ ಎಳೆದುಬಿಡುತ್ತಾರೆ. ಕೈ ಪಳಗಿಲ್ಲ ಅಂತ ಅದನ್ನೇ ಬೈದುಕೊಳ್ಳುತ್ತೇವೆ. ಆದರೆ ಇದರಲ್ಲಿ ಮಿದುಳಿನ ಪಾಲೂ ದೊಡ್ಡದು.

ಓರೆಯಿಂದ ನೋಡಿದಾಗ ಲೋಟದ ದುಂಡು ಬಾಯಿ ಕಣ್ಣಿನ ಪರದೆಯ ಮೇಲೆ ಚಪ್ಪಟೆ ಅಂಡಾಕಾರವಾಗಿ ಮೂಡುತ್ತದೆ. ಅದು ದುಂಡಗಿದೆ ಎಂದು ಮಿದುಳಿಗೆ ಮೊದಲೇ ಗೊತ್ತಲ್ಲ, ಸುಮ್ನೆ ಬಿಡುವುದಿಲ್ಲ, ತಿದ್ದುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ರಾಬರ್ಟ್ ಥೌಲೆಸ್ 1931ರಲ್ಲಿ ಇದನ್ನು ಅಳೆದು ತೋರಿಸಿದರು. ಓರೆಯಾಗಿಟ್ಟ ದುಂಡು ಬಿಲ್ಲೆ ಹೇಗೆ ಕಾಣುತ್ತದೆ ಎಂದು ಕೇಳಿದಾಗ, ಜನ ತೋರಿಸಿದ ಆಕಾರ ಕಣ್ಣಿಗೆ ಬಿದ್ದದ್ದಕ್ಕೂ ನಿಜವಾದ ವೃತ್ತಕ್ಕೂ ನಡುವೆ ಎಲ್ಲೋ ಇತ್ತು.

ತಳದ ಕಥೆಯೂ ಇದೇ. ಅದು ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದು ಗೊತ್ತಿರುವುದರಿಂದ ಗೆರೆ ನೇರವಾಗುತ್ತದೆ. ನಿಜಕ್ಕೂ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಹಾಗಾಗಿ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚೇ ಇರಬೇಕು.

ದಿನದ ಕೆಲಸಕ್ಕೆ ಈ ತಿದ್ದುಪಡಿ ಬೇಕೇ ಬೇಕು. ಇಲ್ಲದಿದ್ದರೆ ಲೋಟ ವಾಲಿದಾಗಲೆಲ್ಲ ಬೇರೆ ಪಾತ್ರೆ ಅನ್ನಿಸೀತು. ಚಿತ್ರ ಬರೆಯುವವರಿಗೆ ಮಾತ್ರ ಅದು ಅಡ್ಡ ಬರುತ್ತದೆ. ಅದಕ್ಕೇ ಅವರು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್ಲಿನಿಂದ ಅಗಲ, ಎತ್ತರ ಅಳೆಯುವುದು.

ಇಟಲಿಯ ಬೊಲೊನ್ಯಾ ನಗರದ ಚಿತ್ರಕಾರ ಜಾರ್ಜಿಯೊ ಮೊರಾಂಡಿ (1890–1964) ಇನ್ನೂ ಮುಂದೆ ಹೋದರು. ಬಾಟಲಿ, ಹೂಜಿ, ಡಬ್ಬಿ, ಇಂಥವನ್ನೇ ದಶಕಗಟ್ಟಲೆ ಬರೆದರು. ಕೆಲವು ಬಾಟಲಿಗಳಿಗೆ ಬಣ್ಣ ಬಳಿದು ಹೊಳಪು ತೆಗೆದರು. ಧೂಳು ಕೂತರೂ ಒರೆಸುತ್ತಿರಲಿಲ್ಲ. ಹೊಳಪು, ಲೇಬಲ್ಲು ಕಂಡ ತಕ್ಷಣ ಮಿದುಳು 'ಓ, ಗಾಜಿನ ಬಾಟಲಿ' ಎಂದು ಹೆಸರಿಟ್ಟು ನೋಡುವುದನ್ನೇ ನಿಲ್ಲಿಸಿಬಿಡುತ್ತದೆ, ಅಲ್ವಾ? ಆ ಸುಳಿವುಗಳು ಹೋದ ಮೇಲೆ ಉಳಿಯುವುದು ಆಕಾರ, ನೆರಳು, ಎರಡು ವಸ್ತುಗಳ ನಡುವಿನ ಜಾಗ.

17ನೇ ಶತಮಾನದ ಡಚ್ ಕಲಾವಿದರು ತಲೆಬುರುಡೆ, ಆರಿದ ಮೇಣದಬತ್ತಿ ಇಟ್ಟು ಸಾವನ್ನು ನೆನಪಿಸುತ್ತಿದ್ದರು. ಅಲ್ಲಿ ವಸ್ತುಗಳಿಗೆ ಮೊದಲೇ ಗೊತ್ತಾದ ಅರ್ಥವಿತ್ತು. ಮೊರಾಂಡಿಯ ಬಾಟಲಿಗಳಲ್ಲೂ ಕೆಲವರು ಒಂಟಿತನ, ಸಂಸಾರ ಎಂದೆಲ್ಲ ಹುಡುಕುತ್ತಾರೆ. ನನಗೆ ಅದು ಅಷ್ಟು ರುಚಿಸುವುದಿಲ್ಲ. ಬಾಟಲಿ ಎಲ್ಲಿ ನಿಲ್ಲಬೇಕು ಎಂದು ಮೊರಾಂಡಿ ಮೇಜಿನ ಕಾಗದದ ಮೇಲೆ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಸರಿಸಿದರೆ ಸಾಕು, ಅವರಿಗೆ ಅದು ಬೇರೆಯದೇ ಚಿತ್ರ.