ಮೇಯರ್‌ಗೆ ಫೋನ್ ಮಾಡಿದರೆ ವಿಮಾನ ನಿಲ್ಲುವುದಿಲ್ಲ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕುಪರ್ಟಿನೊ ಕಡೆ ಮನೆ ಕೊಳ್ಳುವ ನಮ್ಮವರು ಮನೆ ನೋಡುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆಗ ಆಕಾಶ ಶಾಂತ. ಚಳಿಗಾಲದ ಮೊದಲ ಮಳೆ ಬಿತ್ತು ಅಂದರೆ ನನಗೆ ಫೋನ್ ಶುರು. "ಸರ್, ಬೆಳಗ್ಗೆಯಿಂದ ತಲೆ ಮೇಲೇ ವಿಮಾನ. ಇದು ಲೀಗಲ್ಲಾ?"

ಲೀಗಲ್ಲೇ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮಳೆಗಾಳಿ ದಕ್ಷಿಣದಿಂದ ಬೀಸಿದಾಗ ಪಕ್ಕದ ಸ್ಯಾನ್ ಹೋಸೆ ನಗರದ ನಿಲ್ದಾಣಕ್ಕೆ ಬರುವ ವಿಮಾನಗಳು ದಿಕ್ಕು ಬದಲಿಸಿ ಇವರ ಮನೆಗಳ ಕಡೆಯಿಂದ ಇಳಿಯುತ್ತವೆ. 'ಸೌತ್ ಫ್ಲೋ' ಅನ್ನುವುದು ಇದನ್ನೇ.

ಆಮೇಲೆ ಬರುವ ಪ್ರಶ್ನೆ ನನ್ನ ತಾಳ್ಮೆ ಕೆಡಿಸುವಂಥದ್ದು. "ಸ್ಯಾನ್ ಹೋಸೆಯಲ್ಲಿ ವಿಮಾನಗಳಿಗೆ ರಾತ್ರಿ ಕರ್ಫ್ಯೂ ಇದೆಯಲ್ಲ, ನಮ್ಮ ಸಿಟಿ ಕೌನ್ಸಿಲ್ ಕೂಡ ಒಂದು ಮಾಡಬಹುದಲ್ವಾ?" ಭೂಬಳಕೆ ಕಾನೂನಿನ ವಕೀಲನಾಗಿ ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ. ಇಲ್ಲಿ ನಿಧಾನಕ್ಕೆ ಹೇಳುತ್ತೇನೆ.

ಹಾರುವ ವಿಮಾನದ ಮೇಲೆ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ, ಅಂದರೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಗೆ. ದಕ್ಷಿಣ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಗರ ರಾತ್ರಿ 11ರಿಂದ ಬೆಳಗ್ಗೆ 7ರ ತನಕ ಜೆಟ್‌ಗಳು ಏಳಬಾರದು ಎಂದು ನಿಯಮ ಮಾಡಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 5–4ರಲ್ಲಿ ತಳ್ಳಿಹಾಕಿತು. ಆಗ ಆ ವಿಮಾನ ನಿಲ್ದಾಣ ಲಾಕ್‌ಹೀಡ್ ಕಂಪನಿಯದು, ನಗರ ಬರೀ ನೆರೆಮನೆ. ನೆರೆಮನೆಯವರು ಕರ್ಫ್ಯೂ ಹಾಕುವ ಹಾಗಿಲ್ಲ.

ನಿಲ್ದಾಣದ ಮಾಲೀಕರ ಕಥೆ ಬೇರೆ. ತಗ್ಗಿನಲ್ಲಿ ಹಾರುವ ವಿಮಾನಗಳಿಂದ ಮನೆ ವಾಸಕ್ಕೆ ಆಗದಂತಾದರೆ ಪರಿಹಾರ ಕೊಡಬೇಕಾದದ್ದು ನಿಲ್ದಾಣದ ಮಾಲೀಕ ಎಂದು 1962ರಲ್ಲೇ ಅದೇ ಕೋರ್ಟ್ ಹೇಳಿತ್ತು. ಪಿಟ್ಸ್‌ಬರ್ಗ್ ನಿಲ್ದಾಣದ ಮೊಕದ್ದಮೆ ಅದು. ದುಡ್ಡು ಕಟ್ಟುವವನಿಗೆ ಒಂದಿಷ್ಟು ಮಾತೂ ಇರಬೇಕಲ್ಲ? ಹಾಗಾಗಿ ಮಾಲೀಕನಿಗೆ ಶಬ್ದದ ನಿಯಮ ಮಾಡಲು ಸ್ವಲ್ಪ ಜಾಗ ಉಳಿಯಿತು. ಆ ಜಾಗವನ್ನೂ 1990ರ ಕಾಯಿದೆ ಹೆಚ್ಚುಕಡಿಮೆ ಮುಚ್ಚಿತು. ಈಗಿನ ಜೆಟ್‌ಗಳನ್ನು ತಡೆಯುವ ಹೊಸ ನಿಯಮಕ್ಕೆ ವಿಮಾನ ಕಂಪನಿಗಳು ಒಪ್ಪಬೇಕು, ಇಲ್ಲವೇ ಎಫ್‌ಎಎ ಒಪ್ಪಿಗೆ ಬೇಕು. ಅಷ್ಟರಲ್ಲಾಗಲೇ ಬರ್ಬ್ಯಾಂಕ್ ನಿಲ್ದಾಣ ಸಾರ್ವಜನಿಕ ಪ್ರಾಧಿಕಾರದ ಕೈಗೆ ಬಂದಿತ್ತು. ಈ ಸಲ ಮಾಲೀಕರೇ ವರ್ಷಗಟ್ಟಲೆ ಅಧ್ಯಯನ ಮಾಡಿಸಿ ಕರ್ಫ್ಯೂ ಕೇಳಿದರು. 2009ರಲ್ಲಿ ಎಫ್‌ಎಎ ಆಗಲ್ಲ ಅಂದಿತು. 2014ರಲ್ಲಿ ಲಾಸ್ ಏಂಜಲೀಸ್‌ಗೂ ಅದೇ ಉತ್ತರ.

ಸ್ಯಾನ್ ಹೋಸೆಯ ಕರ್ಫ್ಯೂ ಉಳಿದಿರುವುದಕ್ಕೆ ಕಾರಣ ಎರಡು: ನಿಲ್ದಾಣ ಆ ನಗರದ್ದೇ, ನಿಯಮ 1990ಕ್ಕಿಂತ ಹಳೆಯದು. ಸನ್ನಿವೇಲ್‌ಗೆ ಈ ಎರಡೂ ಇಲ್ಲ. ಮೇಯರ್ ಎಷ್ಟು ಒಳ್ಳೆಯವರಾದರೂ ಇಲ್ಲ.

ಆ ಕರ್ಫ್ಯೂ ಕೂಡ ರಾತ್ರಿ 11.30ರಿಂದ ಬೆಳಗ್ಗೆ 6.30ರ ತನಕ ಪೂರ್ತಿ ಮೌನವೇನಲ್ಲ. ಮೊದಲು ಅದು ತೂಕದ ಲೆಕ್ಕದಲ್ಲಿತ್ತು. 75,000 ಪೌಂಡ್ ದಾಟಿದ ವಿಮಾನ ಬರಬಾರದು. ಒರಾಕಲ್‌ನ ಲ್ಯಾರಿ ಎಲಿಸನ್ ತಮ್ಮ ಗಲ್ಫ್‌ಸ್ಟ್ರೀಮ್ ಜೆಟ್‌ಗಾಗಿ ಕೋರ್ಟಿಗೆ ಹೋಗಿ 2001ರಲ್ಲಿ ಗೆದ್ದರು. ಆಮೇಲೆ ನಗರ ಶಬ್ದದ ಲೆಕ್ಕಕ್ಕೆ ಬದಲಾಯಿತು. ಕಡಿಮೆ ಸದ್ದಿನ ವಿಮಾನ ರಾತ್ರಿಯೂ ಇಳಿಯಬಹುದು.

ಇನ್ನು ಡೆಸಿಬೆಲ್. ಒಬ್ಬ ಕಕ್ಷಿದಾರರ ಮಾವ ಮೈಸೂರಿನಿಂದ ಬಂದಿದ್ದರು, ನಿವೃತ್ತ ಮೇಷ್ಟ್ರು. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಫೋನಿನ ಆ್ಯಪ್ ನೋಡುತ್ತಾ, ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಸಮಯ, ವಿಮಾನ, ಡೆಸಿಬೆಲ್ ಎಲ್ಲಾ ದುಂಡಗೆ ಬರೆದಿಟ್ಟಿದ್ದರು. "ಮಿತಿ 65 ಅಂತೆ, ಇಲ್ಲಿ 74 ಬಂದಿದೆ ನೋಡಿ" ಅಂದರು. ನನಗೆ ಆ ಪುಸ್ತಕದ ಮೇಲೆ ಪ್ರೀತಿಯೇ ಬಂತು. ಆದರೆ 65 ಅನ್ನುವುದು ಒಂದು ವಿಮಾನಕ್ಕೆ ಹಾಕಿದ ಮಿತಿಯಲ್ಲ. ಅದು ಇಡೀ ವರ್ಷದ ಸರಾಸರಿ. ರಾತ್ರಿ 10ರಿಂದ ಬೆಳಗ್ಗೆ 7ರ ತನಕದ ಒಂದೊಂದು ಹಾರಾಟವನ್ನೂ ಹತ್ತೆಂದು ಎಣಿಸಿ ತೆಗೆದದ್ದು. ನಕ್ಷೆಯಲ್ಲಿ ಆ 65ರ ಗೆರೆಯ ಒಳಗೆ ಮನೆ ಇದ್ದರೆ ಕಿಟಕಿ, ಗೋಡೆಗೆ ಶಬ್ದ ತಡೆ ಮಾಡಿಸಲು ಕೇಂದ್ರದ ಹಣ ಸಿಗಬಹುದು. ಹೊರಗಿದ್ದರೆ ಕಷ್ಟ.

ಹಾಗಾದರೆ ನಗರಕ್ಕೆ ಏನು ಉಳಿಯಿತು? ನೆಲ. ಎಲ್ಲಿ ಮನೆ ಕಟ್ಟಬಹುದು, ಗೋಡೆ ಎಷ್ಟು ಸದ್ದು ತಡೆಯಬೇಕು, ಇಂಥವು. ವಿಮಾನ ನಿಲ್ದಾಣದ ಸುತ್ತ ಗುರುತಿಸಿದ 'ಪ್ರಭಾವ ವಲಯ'ದ ಒಳಗೆ ಮನೆ ಇದ್ದರೆ ಮಾರುವವರು ಅದನ್ನು ಬರಹದಲ್ಲಿ ತಿಳಿಸಬೇಕು ಎಂದು ಕ್ಯಾಲಿಫೋರ್ನಿಯಾ ಕಾನೂನು ಹೇಳುತ್ತದೆ. ದಪ್ಪ ಕಟ್ಟಿನ ಮಧ್ಯೆ ಇರುವ ಆ ಒಂದು ಹಾಳೆಯನ್ನು ಯಾರೂ ಓದುವುದಿಲ್ಲ, ಸಹಿ ಮಾತ್ರ ಹಾಕುತ್ತಾರೆ. ವಲಯದ ಹೊರಗಿನ ಮನೆಗೆ ಆ ಹಾಳೆಯೇ ಬರುವುದಿಲ್ಲ. ಹಾಳೆ ಬರಲಿಲ್ಲ ಅಂದ ಮಾತ್ರಕ್ಕೆ ವಿಮಾನ ಬರುವುದಿಲ್ಲ ಎಂದುಕೊಳ್ಳಬೇಡಿ.

ಎಫ್‌ಎಎ ಹೊಸ ಹಾರಾಟದ ಮಾರ್ಗ ಆದೇಶಿಸಿದರೆ ಮಾತ್ರ ಬಾಗಿಲು ಸ್ವಲ್ಪ ತೆರೆದಿರುತ್ತದೆ. ಸಾಮಾನ್ಯವಾಗಿ 60 ದಿನದೊಳಗೆ ಫೆಡರಲ್ ಮೇಲ್ಮನವಿ ಕೋರ್ಟಿಗೆ ಹೋಗಬೇಕು. 2014ರಲ್ಲಿ ಬಂದ ಮಾರ್ಗಗಳ ವಿರುದ್ಧ ಫೀನಿಕ್ಸ್ ನಗರ 2017ರಲ್ಲಿ ಗೆದ್ದಿತು. ತಡವಾಗಿ ಹೋಗಿದ್ದರೂ ಕೋರ್ಟ್ ಮನ್ನಿಸಿತು. ನೋಡುತ್ತೇವೆ ಎಂದು ಎಫ್‌ಎಎಯೇ ಆಸೆ ಹುಟ್ಟಿಸಿತ್ತು ಅನ್ನುವುದು ಕಾರಣ. ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಒಬ್ಬೊಬ್ಬರ ವಿಷಯ ಒಂದೊಂದು ಥರ, ಆದೇಶದ ಪ್ರತಿ ಹಿಡಿದುಕೊಂಡು ಯಾರಾದರೂ ವಕೀಲರನ್ನು ಕಾಣಿ. ನನ್ನ ಹತ್ತಿರವೇ ಬರಬೇಕೆಂದಿಲ್ಲ.