ಪದ ಪರಿಚಯ: ಕ್ಷಮಾದಾನ

ಅಮೆರಿಕದ ವಲಸೆ ಸುಧಾರಣೆಯ ಸುದ್ದಿ ಬಂದಾಗಲೆಲ್ಲ, ದಾಖಲೆಯಿಲ್ಲದ ವಲಸಿಗರಿಗೆ ಕಾನೂನಿನ ನೆಲೆ ಒದಗಿಸುವ ಯಾವ ಪ್ರಸ್ತಾವಕ್ಕಾದರೂ ‘ಕ್ಷಮಾದಾನ’ ಎಂದು ಹೆಸರಿಡುವುದು ರೂಢಿಯಾಗಿಬಿಟ್ಟಿದೆ. ದಂಡ ಕಟ್ಟಬೇಕು, ಬಾಕಿ ತೆರಿಗೆ ತೀರಿಸಬೇಕು, ವರ್ಷಗಟ್ಟಲೆ ಕಾಯಬೇಕು ಎಂದು ಒಳಗೆ ವಿವರಿಸುವ ವರದಿಗೂ ಶೀರ್ಷಿಕೆ ಮಾತ್ರ ಅದೇ. ದಂಡ ಕಟ್ಟಿಸಿಕೊಂಡು ಕೊಡುವುದು ಅದು ಹೇಗೆ ದಾನವಾದೀತು?

ಇಂಗ್ಲಿಷಿನ ‘ಆಮ್ನೆಸ್ಟಿ’ ಎಂಬುದಕ್ಕೆ ನಾವು ಇದನ್ನು ಬಳಸುತ್ತೇವೆ. ಆ ಪದದ ಮೂಲ ಗ್ರೀಕಿನ ‘ಅಮ್ನೆಸ್ತಿಯಾ’, ಎಂದರೆ ಮರೆವು. ನೆನಪು ಅಳಿಸಿಹೋಗುವ ‘ಆಮ್ನೀಸಿಯಾ’ ಕೂಡ ಅದೇ ಬೇರಿನದು. ಕ್ರಿ.ಪೂ. 403ರಲ್ಲಿ ಮೂವತ್ತು ನಿರಂಕುಶರ ಆಳ್ವಿಕೆ ಕೊನೆಗೊಂಡ ಮೇಲೆ, ಅಥೆನ್ಸಿನ ಪೌರರು ಹಿಂದಿನ ಕೇಡುಗಳನ್ನು ಮತ್ತೆ ಎತ್ತಿ ಆಡುವುದಿಲ್ಲವೆಂದು ಪ್ರಮಾಣ ಮಾಡಿದ್ದರು. ಸಂಸ್ಕೃತದ ‘ಕ್ಷಮಾ’ ಬಂದ ಹಾದಿಯೇ ಬೇರೆ. ‘ಕ್ಷಮ್’ ಧಾತುವಿಗೆ ಸಹಿಸು, ತಾಳಿಕೊ ಎಂಬ ಅರ್ಥವಿದ್ದು, ಎಲ್ಲವನ್ನೂ ತಾಳಿಕೊಳ್ಳುವ ಭೂಮಿಗೂ ‘ಕ್ಷಮಾ’ ಎಂಬ ಹೆಸರಿದೆ. ಮರೆತವನಿಗೆ ತಪ್ಪು ಇಲ್ಲವೇ ಇಲ್ಲ; ತಾಳಿಕೊಂಡವನಿಗೆ ಅದು ನೆನಪಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ‘ದಾನ’ವೂ ಸೇರಿದರೆ ಕೊಡುವವನ ಕೈ ಮೇಲಾಗಿ, ಪಡೆಯುವವನು ತಲೆತಗ್ಗಿಸಿ ನಿಂತ ಅಪರಾಧಿಯಾಗುತ್ತಾನೆ.

ಅಪರಾಧಿ ಎಂಬ ಈ ಧ್ವನಿಯೇ ನನ್ನ ಮುಖ್ಯ ತಕರಾರು. ಪರಿಶೀಲನೆಯಿಲ್ಲದೆ ಗಡಿ ದಾಟುವುದು ಅಮೆರಿಕದಲ್ಲಿ ದಂಡನೀಯ ಅಪರಾಧವೇನೋ ಹೌದು. ಆದರೆ ವೀಸಾ ಪಡೆದು ಬಂದು ಅವಧಿ ಮೀರಿ ಉಳಿಯುವುದು ಅಲ್ಲಿ ನಾಗರಿಕ ಕಾನೂನಿನ ಉಲ್ಲಂಘನೆ ಮಾತ್ರ. ಅಂಥವರನ್ನು ಗಡೀಪಾರು ಮಾಡಬಹುದಾದರೂ, ಅಷ್ಟಕ್ಕೇ ಅವರು ಅಪರಾಧಿಗಳಾಗುವುದಿಲ್ಲ. ಎಳೆವಯಸ್ಸಿನಲ್ಲಿ ತಂದೆತಾಯಿ ಎತ್ತಿಕೊಂಡು ಬಂದ ಮಗುವಿನ ವಿಷಯದಲ್ಲಂತೂ ಕ್ಷಮಿಸುವುದಕ್ಕೆ ಏನಿದೆಯೋ ನನಗೆ ತಿಳಿಯದು.

ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಸ್ವತಃ ‘ಆಮ್ನೆಸ್ಟಿ’ ಎಂಬ ಪದವನ್ನು ಒಪ್ಪಿ ಬಳಸಿದ್ದರು ಎಂಬುದು ನಿಜ. ಆದರೆ 1986ರ ನವೆಂಬರ್ 6ರಂದು ಅವರು ಸಹಿ ಹಾಕಿದ ವಲಸೆ ಕಾಯ್ದೆಯಲ್ಲೂ ಷರತ್ತುಗಳಿದ್ದವು: ಮುಖ್ಯ ಯೋಜನೆಯಡಿ ಅರ್ಜಿ ಹಾಕುವವರು 1982ರ ಜನವರಿ 1ಕ್ಕೆ ಮುಂಚಿನಿಂದ ಅಲ್ಲಿಯೇ ವಾಸವಿರಬೇಕಿತ್ತು, ಶುಲ್ಕ ತೆರಬೇಕಿತ್ತು, ಗಂಭೀರ ಅಪರಾಧದ ದಾಖಲೆ ಇರಬಾರದಿತ್ತು, ಮುಂದೆ ಕಾಯಂ ವಾಸಕ್ಕೆ ಒಂದಿಷ್ಟು ಇಂಗ್ಲಿಷನ್ನೂ ಪೌರನೀತಿಯನ್ನೂ ಕಲಿತಿರಬೇಕಿತ್ತು. ಆ ಕಾಯ್ದೆಯಿಂದ ಸುಮಾರು 27 ಲಕ್ಷ ಜನ ಕಾಯಂ ವಾಸದ ಹಕ್ಕು ಪಡೆದರು. 2013ರಲ್ಲಿ ಅಲ್ಲಿನ ಮೇಲ್ಮನೆ ಸೆನೆಟ್ 68–32 ಮತಗಳಿಂದ ಅಂಗೀಕರಿಸಿದ ವಲಸೆ ಸುಧಾರಣೆಯ ಮಸೂದೆ ಇನ್ನೂ ಬಿಗಿಯಾಗಿದ್ದು, ಹೆಚ್ಚಿನವರಿಗೆ ಪೌರತ್ವದ ಹಾದಿಯೇ 13 ವರ್ಷದ್ದಾಗಿತ್ತು. ಕೆಳಮನೆ ಅದನ್ನು ಮತಕ್ಕೆ ಹಾಕಲೇ ಇಲ್ಲ.

ಇಂಥ ಕ್ರಮಕ್ಕೆ ‘ಸಕ್ರಮೀಕರಣ’ ಎಂಬ ಪದ ಕನ್ನಡದಲ್ಲಿ ಈಗಾಗಲೇ ಇದೆ, ಓದುಗರಿಗೆ ಅದು ಹೊಸದೂ ಅಲ್ಲ. ಕ್ರಮ ತಪ್ಪಿದ್ದನ್ನು ಷರತ್ತಿನ ಮೇಲೆ ಕ್ರಮಕ್ಕೆ ತರುವುದು ಎಂದಷ್ಟೇ ಅದು ಹೇಳುತ್ತದೆ. ಮರೆವನ್ನೂ ಹೇಳುವುದಿಲ್ಲ, ಭಿಕ್ಷೆಯನ್ನೂ ಹೇಳುವುದಿಲ್ಲ. 1929ರಿಂದ ಅಮೆರಿಕದ ಕಾನೂನಿನಲ್ಲಿರುವ ‘ರಿಜಿಸ್ಟ್ರಿ’ ಏರ್ಪಾಟಿಗೂ ಅದೇ ಒಪ್ಪುತ್ತದೆ: ನಿಗದಿತ ದಿನಕ್ಕೆ ಮೊದಲು ಬಂದು, ಅಲ್ಲಿಯೇ ನೆಲೆಸಿ, ಸನ್ನಡತೆಯಿಂದ ಬಾಳಿದವರು ಕಾಯಂ ವಾಸದ ಹಕ್ಕು ಕೇಳಬಹುದು. ಆ ದಿನವನ್ನು ಕಾಲಕಾಲಕ್ಕೆ ಮುಂದಕ್ಕೆ ಸರಿಸುತ್ತ ಬಂದ ಸಂಸತ್ತು 1986ರಲ್ಲಿ ಅದನ್ನು 1972ರ ಜನವರಿ 1ಕ್ಕೆ ತಂದು ನಿಲ್ಲಿಸಿತು, ಅಲ್ಲಿಂದಾಚೆಗೆ ಮುಟ್ಟಿಲ್ಲ. ಒಂದು ತಾರೀಕನ್ನು ಬದಲಿಸಬೇಕೆಂಬ ಬೇಡಿಕೆಯನ್ನೂ ಈಗ ‘ಕ್ಷಮಾದಾನ’ ಎಂದೇ ಕರೆಯಲಾಗುತ್ತಿದೆ.