ಗೌನಿನ ಕತ್ತು ಮುಚ್ಚುವ ಮೊದಲು ಭುಜ ನೋಡಿ

ಮದುವೆ ಗೌನಿನ ಕವರ್ ಬಿಚ್ಚುತ್ತಲೇ ಹೆಚ್ಚಿನವರು ಹೇಳುವುದು ಒಂದೇ ಮಾತು. "ಅಕ್ಕಾ, ನೆಕ್ ತುಂಬಾ ಡೀಪ್ ಆಯ್ತು, ಮುಂದೆ ಒಂದು ಪೀಸ್ ಕೊಟ್ಟು ಮುಚ್ಚಿಬಿಡಿ." ನಾನು ತಕ್ಷಣ ಪೀಸ್ ಹುಡುಕಲು ಹೋಗುವುದಿಲ್ಲ. ಮೊದಲು ಗೌನ್ ಹಾಕಿಕೊಂಡು ಬಾಮ್ಮಾ ಅನ್ನುತ್ತೇನೆ. ಡೀಪ್ ಅಂತ ನಮ್ಮ ಅಂಗಡಿಗೆ ಬರುವ ಗೌನುಗಳಲ್ಲಿ ಎಷ್ಟೋ ಸಲ ನೆಕ್ ಸರಿಯಾಗಿಯೇ ಇರುತ್ತದೆ. ಹೆಚ್ಚಾಗಿರುವುದು ಭುಜದ ಅಳತೆ.

ರೆಡಿಮೇಡ್ ಗೌನುಗಳನ್ನು ಸಾಮಾನ್ಯವಾಗಿ ಎತ್ತರದ ಹುಡುಗಿಯ ಅಳತೆಗೆ ಹೊಲಿದಿರುತ್ತಾರೆ. 5 ಅಡಿ 1 ಇಂಚಿನ ಹುಡುಗಿ ಅದನ್ನು ಹಾಕಿಕೊಂಡರೆ ಭುಜದಿಂದ ಎದೆಯವರೆಗೆ ಬಟ್ಟೆ ಜಾಸ್ತಿಯಾಗಿ ಇಡೀ ಮುಂಭಾಗ ಕೆಳಗೆ ಇಳಿಯುತ್ತದೆ. ಅಲ್ಲಿಗೆ ಒಂದು ತುಂಡು ಬಟ್ಟೆ ಸೇರಿಸಿದರೆ ಆ ತುಂಡೂ ಇಳಿಯುತ್ತದೆ, ಅಷ್ಟೇ. ಅದಕ್ಕೇ ಭುಜದ ಹೊಲಿಗೆಯ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಅರ್ಧ ಇಂಚು ಎತ್ತಿ ನೋಡಿ. ನೆಕ್ ಕೂಡ ಹೆಚ್ಚು ಕಡಿಮೆ ಅಷ್ಟೇ ಮೇಲೆ ಬರುತ್ತದೆ. ಕೆಲವರಿಗೆ ಇಷ್ಟೇ ಸಾಕು. ಹೊಸ ಬಟ್ಟೆಯೇ ಬೇಡ.

ಆದರೆ ಭುಜ ಎತ್ತಿದಾಗ ಕಂಕುಳೂ ಮೇಲೇರುತ್ತದೆ. ಅದನ್ನು ಹಾಗೇ ಬಿಟ್ಟರೆ ಊಟಕ್ಕೆ ಕೂರುವ ಹೊತ್ತಿಗೆ ಕಂಕುಳಲ್ಲಿ ಚರ್ಮ ಕೆಂಪಾಗಿರುತ್ತದೆ. ಎಷ್ಟು ಎತ್ತಿದಿರೋ ಅಷ್ಟು ಕಂಕುಳ ಕೆಳಗೆ ತೆಗೆದು ಮತ್ತೆ ಶೇಪ್ ಕೊಡಬೇಕು. ತೋಳಿದ್ದರೆ ಬಿಚ್ಚಿ ಮತ್ತೆ ಕೂರಿಸಬೇಕು. ಮುಕ್ಕಾಲು ಇಂಚಿಗಿಂತ ಜಾಸ್ತಿ ಎತ್ತಬೇಡಿ. ಒಳಗಿನ ಕಪ್ ಜಾಗ ಬಿಟ್ಟು ಮೇಲೆ ಹೋಗುತ್ತದೆ, ಎದೆಯ ಕೆಳಗೆ ಬಟ್ಟೆ ಸುಕ್ಕು ಕಟ್ಟುತ್ತದೆ. ನೆಕ್ ಅಂಚು ಮೈಗೆ ಕೂರದೆ ಬಾಯಿ ಬಿಟ್ಟಿದ್ದರೆ, ಎದೆಯ ಮೇಲಿಂದ ಸೊಂಟದವರೆಗೆ ಉದ್ದಕ್ಕೆ ಇಳಿಯುವ ಪ್ರಿನ್ಸೆಸ್ ಕಟ್‌ನ ಹೊಲಿಗೆಯಲ್ಲಿ ಮೇಲ್ತುದಿಗೆ ಮಾತ್ರ ಎರಡೂ ಕಡೆ ಕಾಲು ಕಾಲು ಇಂಚು ಒಳಗೆ ಹಿಡಿದರೆ ಸರಿಹೋಗುತ್ತದೆ.

ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿಕೊಂಡರೆ ನಿಜ ಗೊತ್ತಾಗುವುದಿಲ್ಲ. ಮದುವೆ ದಿನ ಹುಡುಗಿ ನೆಟ್ಟಗೆ ನಿಲ್ಲುವುದಕ್ಕಿಂತ ಬಗ್ಗುವುದೇ ಜಾಸ್ತಿ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ ಕಡೆಯ ಕ್ರಿಶ್ಚಿಯನ್ ಹುಡುಗಿಯರು ಬಿಳಿ ಗೌನಿನಲ್ಲಿ ಪೀಠದ ಮುಂದೆ ಮೊಣಕಾಲೂರುತ್ತಾರೆ. ಪಾದ್ರಿಗಳು ಎದುರಿಗೇ ನಿಂತಿರುತ್ತಾರೆ, ಫೋಟೋದವರು ಮೇಲಿನಿಂದ ಕ್ಯಾಮೆರಾ ಹಿಡಿದಿರುತ್ತಾರೆ. ಕೋಲಾರದ ಛತ್ರಗಳಲ್ಲಿ ರಿಸೆಪ್ಷನ್‌ಗೆ ಗೌನ್ ಹಾಕುವ ಹಿಂದೂ ಹುಡುಗಿಯರ ಕಷ್ಟ ಬೇರೆ. ಸ್ಟೇಜ್ ಹತ್ತಿ ಬರುವ ಅಜ್ಜಿ, ದೊಡ್ಡಪ್ಪ, ಸೋದರತ್ತೆ ಎಲ್ಲರ ಕಾಲಿಗೂ ನಮಸ್ಕಾರ ಮಾಡಬೇಕು. ಪ್ರತಿ ಸಲ ಒಂದು ಕೈ ಎದೆಗೆ ಅಡ್ಡ ಹಿಡಿದುಕೊಂಡೇ ಬಗ್ಗುವ ಹುಡುಗಿಯನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವಳ ಆ ಸಂಜೆಯೆಲ್ಲ ಬಟ್ಟೆ ಕಾಯುವುದರಲ್ಲೇ ಕಳೆಯುತ್ತದೆ.

ಹಾಗಾಗಿ ಟ್ರಯಲ್‌ನಲ್ಲಿ ನಾನು ಅವಳನ್ನು ಕುಳ್ಳ ಸ್ಟೂಲ್ ಮೇಲೆ ಕೂರಿಸುತ್ತೇನೆ. ಕಾಲು ಮುಟ್ಟಿಸುತ್ತೇನೆ. ಹಾರ ಹಾಕುವ ಹಾಗೆ ಎರಡೂ ಕೈ ಎತ್ತಿಸುತ್ತೇನೆ. ಅಕ್ಕನೋ ತಂಗಿಯೋ ಬಂದಿದ್ದರೆ ಕುರ್ಚಿ ಹತ್ತಿ ಮೇಲಿನಿಂದ ಒಂದು ಫೋಟೋ ತೆಗೆಯಲು ಹೇಳುತ್ತೇನೆ. ಎಲ್ಲಿ ಮುಚ್ಚಬೇಕು, ಎಷ್ಟು ಮುಚ್ಚಬೇಕು ಅನ್ನುವುದು ಆ ಫೋಟೋದಲ್ಲಿ ಸಿಕ್ಕಿಬಿಡುತ್ತದೆ. ಮದುವೆ ದಿನದ ಒಳಉಡುಪು, ಚಪ್ಪಲಿ ಎರಡನ್ನೂ ಟ್ರಯಲ್‌ಗೇ ತನ್ನಿ. ಹೀಲ್ಸ್ ಹಾಕಿದರೆ ನಿಲ್ಲುವ ರೀತಿಯೇ ಬದಲಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಬಟ್ಟೆ ಬೇಕು ಅನ್ನಿಸಿದರೆ ನನ್ನ ಮೊದಲ ಆಯ್ಕೆ ನೆಟ್‌ನ ಯೋಕ್. ಅಂದರೆ ಎದೆಯ ಅಂಚಿನಿಂದ ಕತ್ತಿನವರೆಗೆ, ಭುಜದ ಮೇಲಿಂದ ಹಿಂದಕ್ಕೆ ಹೋಗುವ ಪೂರ್ತಿ ಮೇಲ್ಭಾಗ. ಮುಂದೆ ಮಾತ್ರ ಒಂದು ತ್ರಿಕೋನದ ಪೀಸ್ ಹಾಕಿದರೆ ಎಷ್ಟೇ ಚೆನ್ನಾಗಿ ಹೊಲಿದರೂ ಆಮೇಲೆ ಸೇರಿಸಿದ್ದು ಅಂತ ನೋಡಿದವರಿಗೆ ತಿಳಿಯುತ್ತದೆ. ಯೋಕ್ ಭುಜದಿಂದ ಶುರುವಾಗುವುದರಿಂದ ಗೌನ್ ಹುಟ್ಟಿದ್ದೇ ಹೀಗೆ ಅನ್ನಿಸುತ್ತದೆ. ಮೈ ಮುಚ್ಚಿದರೆ ಅಂದ ಹೋಗುತ್ತದೆ ಅನ್ನುವವರಿಗೆ ಫೋನಿನಲ್ಲಿ ಎರಡು ಫೋಟೋ ತೋರಿಸುತ್ತೇನೆ. ಒಂದು 1956ರ ಗ್ರೇಸ್ ಕೆಲ್ಲಿ ಮದುವೆಯದು. ಇನ್ನೊಂದು 2011ರಲ್ಲಿ ಲಂಡನ್‌ನಲ್ಲಿ ಆದ ಕೇಟ್ ಮಿಡಲ್ಟನ್ ಮದುವೆಯದು. ಇಬ್ಬರದೂ ಲೇಸ್‌ನ ಉದ್ದ ತೋಳು. ಒಳಗೆ ಗಟ್ಟಿ ಬಟ್ಟೆಯ ಬಾಡಿ, ಅದರ ಮೇಲೆ ಭುಜ ಮುಚ್ಚುವ ಲೇಸ್. ಇವತ್ತಿಗೂ ಜನ ಅದೇ ಗೌನ್ ಬೇಕು ಅಂತ ಕೇಳುತ್ತಾರೆ, ಅಲ್ವಾ?

ಭುಜವೇ ಇಲ್ಲದ ಗೌನಿಗೆ ಯೋಕ್ ಕೊಡುವಾಗ ಒಂದು ಮಾತು ಮರೆಯಬಾರದು. ಅಂಥ ಗೌನ್ ಮೈ ಮೇಲೆ ನಿಲ್ಲುವುದು ಸೊಂಟದ ಬಿಗಿ ಮತ್ತು ಒಳಗೆ ಹೊಲಿದ ಗಟ್ಟಿ ಪಟ್ಟಿ, ಅಂದರೆ ಬೋನ್‌ಗಳಿಂದ. ಅದರ ಭಾರವನ್ನು ನೆಟ್ ಮೇಲೆ ಹಾಕಿದರೆ ನೆಟ್ ಎಳೆದುಕೊಂಡು ಹರಿಯುತ್ತದೆ. ಮೊದಲು ಸೊಂಟ ಸರಿಮಾಡಿ, ಗೌನ್ ತಾನಾಗಿಯೇ ನಿಲ್ಲುವಂತಾಗಲಿ. ನೆಟ್ ಸುಮ್ನೆ ಮುಚ್ಚಲಿಕ್ಕೆ ಮಾತ್ರ.

ಕತ್ತರಿಸುವ ಮೊದಲು ನೆಟ್ ಅನ್ನು ಎರಡೂ ಕಡೆ ಎಳೆದು ನೋಡಿ. ಒಂದು ಕಡೆ ಜಾಸ್ತಿ ಹಿಗ್ಗುತ್ತದೆ. ಆ ಕಡೆ ಎದೆಗೆ ಅಡ್ಡಲಾಗಿ ಬರಬೇಕು, ಆಗ ಕೈ ಎತ್ತಿದರೆ ಬಿಗಿಯುವುದಿಲ್ಲ. ಗೌನ್ ಹಾಕಿಕೊಂಡಿರುವಾಗಲೇ ನೆಟ್ ಅನ್ನು ಮೈ ಮೇಲೆ ಹರಡಿ ಗುಂಡುಪಿನ್ ಚುಚ್ಚಿ ಗುರುತು ಮಾಡಿಕೊಳ್ಳುತ್ತೇನೆ. ಮೇಜಿನ ಮೇಲೆ ಅಳತೆ ಹಾಕಿ ಕತ್ತರಿಸಿದ ಯೋಕ್ ಮೈಗೆ ಕೂರುವುದು ಅಪರೂಪ. ಆಮೇಲೆ ಲೈನಿಂಗ್‌ನ ಮೇಲಿನ ಹೊಲಿಗೆ ಬಿಚ್ಚಿ, ಲೈನಿಂಗ್ ಮತ್ತು ಮೇಲ್ಬಟ್ಟೆಯ ನಡುವೆ ನೆಟ್ ಇಟ್ಟು ಒಳಗಿನ ಮಾರ್ಜಿನ್‌ಗೆ ಕೈಹೊಲಿಗೆ ಹಾಕಿ, ಲೈನಿಂಗ್ ಮುಚ್ಚಬೇಕು. ನೆಟ್‌ನ ದಾರ ಬಿಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಕತ್ತಿನ ಅಂಚನ್ನು ಮಡಚಿ ಹೊಲಿಯಬೇಕಾಗಿಲ್ಲ. ಮಡಚಿದರೆ ಕತ್ತಿನ ಸುತ್ತ ಗೆರೆ ಎದ್ದು ಕಾಣುತ್ತದೆ. ಚೊಕ್ಕವಾಗಿ ಕತ್ತರಿಸಿ ಹಾಗೇ ಬಿಡಿ, ಇಲ್ಲವೇ ಗೌನಿನದೇ ಲೇಸ್‌ನಿಂದ ಹೂಗಳನ್ನು ಬಿಡಿಸಿಕೊಂಡು ಅಂಚಿಗೆ ಕೂರಿಸಿ. ಮಿಷನ್ ಹೊಲಿಗೆ ಬೇಕಾದ ಕಡೆ 9ನೇ ನಂಬರ್ ಸೂಜಿ ಹಾಕಿ, ನೆಟ್ ಕೆಳಗೆ ತೆಳು ಬಿಳಿ ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಿರಿ. ಇಲ್ಲದಿದ್ದರೆ ಮಿಷನ್‌ನ ಹಲ್ಲು ನೆಟ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ನ್ಯೂಸ್ ಪೇಪರ್ ಮಾತ್ರ ಬೇಡ, ಮಸಿ ಬಿಳಿ ಗೌನಿಗೆ ಹತ್ತುತ್ತದೆ.

ಕತ್ತಿನವರೆಗೆ ಮುಚ್ಚಿದ ಮೇಲೆ ತಲೆ ತೂರಬೇಕಲ್ಲ. ಹಿಂದೆ ಜಿಪ್ ಮುಗಿಯುವ ಜಾಗದಿಂದ ಮೇಲಕ್ಕೆ ಯೋಕ್ ಸೀಳಿ, ಸಣ್ಣ ಗುಂಡು ಬಟನ್, ಲೂಪ್ ಕೊಡಿ. ಮಣಿ ಕೆಲಸ ಇರುವ ಕಡೆ ಹೊಲಿಗೆ ಹಾಯುವ ದಾರಿಯಲ್ಲಿನ ಮಣಿಗಳನ್ನು ಮೊದಲೇ ಇಕ್ಕಳದಿಂದ ಒಡೆದು ತೆಗೆಯಬೇಕು. ದಾರ ಕತ್ತರಿಸಿದರೆ ಪಕ್ಕದ ಮಣಿಗಳೂ ಉದುರಿಹೋಗುತ್ತವೆ.

ಈಗ ಬಣ್ಣದ ವಿಷಯ. ಇಲ್ಲೇ ಹೆಚ್ಚಿನ ಕೆಲಸ ಕೆಡುವುದು. ಬಿಳಿಯಲ್ಲಿ ಹಾಲು ಬಿಳಿ, ಆಫ್ ವೈಟ್, ಐವರಿ ಅಂತ ಎಷ್ಟೋ ಇವೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಗೌನನ್ನೇ ಹಿಡಿದುಕೊಂಡು ಬಾಗಿಲಾಚೆ ಬಿಸಿಲಿಗೆ ಬಂದು ನೋಡಿ. ಕೆಲವು ಬಿಳಿಗಳು ಸ್ಟೇಜ್ ಲೈಟಿಗೆ ನೀಲಿ ಹೊಡೆಯುತ್ತವೆ, ಪಕ್ಕದ ಐವರಿ ಆಗ ಹಳದಿಯಾಗಿ ಕಾಣುತ್ತದೆ. ಅದಕ್ಕಿಂತ ಸುಲಭದ ದಾರಿ ಗೌನಿನ ಒಳಗೇ ಇದೆ. ಹೆಚ್ಚಿನ ಗೌನುಗಳ ಉದ್ದ ಕಡಿಮೆ ಮಾಡಲೇಬೇಕು. ಮೊದಲು ಕೆಳಗೆ ಕತ್ತರಿಸಿ. ಆ ತುಂಡಿನಲ್ಲಿ ಅದೇ ಬಣ್ಣದ ಸ್ಯಾಟಿನ್, ಅದೇ ನೆಟ್, ಕೆಲವೊಮ್ಮೆ ಅದೇ ಲೇಸ್ ಸಿಗುತ್ತದೆ. ಸಣ್ಣ ತೋಳಿಗೆ, ನೆಕ್ ಅಂಚಿಗೆ ಧಾರಾಳವಾಗಿ ಸಾಕು.

ಮೈ ಬಣ್ಣದ ನೆಟ್ ಬೇಕು ಅನ್ನುವವರಿಗೆ ಅಂಗಡಿಯವರು ಸ್ಕಿನ್ ಕಲರ್ ಅಂತ ಕೊಡುವುದು ಸಾಮಾನ್ಯವಾಗಿ ತಿಳಿ ಗುಲಾಬಿ ಬಣ್ಣ. ನಮ್ಮ ಹುಡುಗಿಯರಲ್ಲಿ ಎಷ್ಟು ಜನರಿಗೆ ಆ ಬಣ್ಣ ಇದೆ? ಮೈ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಕಂದು, ಗೋಧಿ ಬಣ್ಣದ ಎರಡು ಮೂರು ತುಂಡು ತರಿಸಿ ಅವಳ ಕತ್ತಿನ ಮೂಳೆಯ ಮೇಲೆ ಇಟ್ಟು ಹಗಲು ಬೆಳಕಿನಲ್ಲಿ ಆರಿಸಿ. ಮುಖ ನೋಡಿ ಆರಿಸಬೇಡಿ, ಮುಖಕ್ಕೆ ಮೇಕಪ್ ಬರುತ್ತದೆ. ನೆಟ್ ಎರಡು ಪದರ ಹಾಕುವುದಾದರೆ ಎರಡು ಪದರ ಇಟ್ಟೇ ನೋಡಿ, ಬಣ್ಣ ಗಾಢವಾಗುತ್ತದೆ. ಟೀ ನೀರಿನಲ್ಲಿ ಅದ್ದಿ ಬಣ್ಣ ಬರಿಸಬಹುದು ಅನ್ನುತ್ತಾರೆ. ನೈಲಾನ್ ನೆಟ್ ಟೀ ಬಣ್ಣ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಒಂದು ಚೂರು ಅದ್ದಿ ನೋಡಿಯೇ ಮುಂದುವರಿಯಿರಿ.

ಬಾಡಿಗೆ ಗೌನ್ ಆದರೆ ಕತ್ತರಿ ಮುಟ್ಟಿಸಬೇಡಿ. ಒಳಗಿನಿಂದ ಟಿಚ್ ಬಟನ್ ಇಟ್ಟು ತೆಗೆದು ಹಾಕುವ ಪೀಸ್ ಮಾಡಿ, ಅಥವಾ ಲೇಸ್‌ನ ಗಿಡ್ಡ ಜಾಕೆಟ್ ಹೊಲಿಸಿ. ಕೋಲಾರದ ಕ್ಲಾಕ್ ಟವರ್ ಕಡೆಯಿಂದ ನಿಕಾಹ್ ಬಟ್ಟೆಗೆ ಬರುವ ಮುಸ್ಲಿಂ ಹುಡುಗಿಯರೂ ಹೆಚ್ಚಾಗಿ ಇಂಥ ಜಾಕೆಟನ್ನೇ ಕೇಳುತ್ತಾರೆ. ಉದ್ದ ತೋಳು, ಮುಚ್ಚಿದ ಕತ್ತು, ಕೆಳಗಿನ ಲೆಹಂಗಾ ಹಾಗೇ ಇರುತ್ತದೆ. ಡಬಲ್ ಸೈಡ್ ಟೇಪ್ ಅಂಟಿಸಿಕೊಂಡರೆ ಸಾಕು ಅನ್ನುವವರ ಮಾತು ನಂಬಬೇಡಿ. ಬೇಸಿಗೆ ಮದುವೆಯ ಬೆವರಿಗೆ ಟೇಪ್ ನಿಲ್ಲುವುದಿಲ್ಲ.

ಧಾರೆ ಸೀರೆಯ ಬ್ಲೌಸ್ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಮುಂದೆ ಸೆರಗು ಇರುತ್ತದೆ, ತೊಂದರೆ ಬೆನ್ನಿನದು ಮಾತ್ರ. ಮಗ್ಗಂ ವರ್ಕ್ (ಜರಿ, ಮಣಿಯ ಕೈಕಸೂತಿ) ಹಾಕಿಸುವ ಮೊದಲೇ ಬೆನ್ನಿನ ಆಳ ತೀರ್ಮಾನ ಮಾಡಿ. ವರ್ಕ್ ಆದ ಮೇಲೆ ನೆಕ್ ಮೇಲೆತ್ತುವುದು ಅಂದರೆ ವರ್ಕ್ ಬಿಚ್ಚುವುದು, ದುಡ್ಡೂ ಹೋಗುತ್ತದೆ, ರೇಷ್ಮೆಯಲ್ಲಿ ಸೂಜಿ ತೂತೂ ಉಳಿಯುತ್ತದೆ.

ಎಷ್ಟು ಮುಚ್ಚಬೇಕು ಅನ್ನುವುದನ್ನು ಯಾರು ಹೇಳಬೇಕು? ಅಮ್ಮ ಕತ್ತಿನವರೆಗೆ ಅನ್ನುತ್ತಾರೆ, ಅತ್ತೆ ಮನೆಯವರು ಉದ್ದ ತೋಳು ಬೇಕು ಅನ್ನುತ್ತಾರೆ, ಅಕ್ಕ ಹಾಗೇ ಚೆನ್ನಾಗಿದೆ ಅನ್ನುತ್ತಾಳೆ. ಹುಡುಗಿ ಸುಮ್ಮನಿರುತ್ತಾಳೆ. ನಾನು ಟ್ರಯಲ್ ರೂಮಿನ ಪರದೆ ಎಳೆದು ಅವಳೊಬ್ಬಳನ್ನೇ ಕೇಳುತ್ತೇನೆ. "ನಿನಗೆ ಎಲ್ಲಿವರೆಗೆ ಬೇಕಮ್ಮಾ? ನಿನ್ನ ಕೈಯಿಂದಲೇ ತೋರಿಸು." ಅವಳು ಬೆರಳಿಟ್ಟ ಜಾಗಕ್ಕೆ ನನ್ನ ಪಿನ್. ಮನೆಯವರು ಹೇಳಿದ್ದಕ್ಕಿಂತ ಮೇಲೆ ಬೆರಳಿಟ್ಟವರೂ ಇದ್ದಾರೆ, ಕೆಳಗೆ ಇಟ್ಟವರೂ ಇದ್ದಾರೆ. ಹೊರಗೆ ಬಂದು ಇಷ್ಟಕ್ಕೇ ಗೌನ್ ಚೆನ್ನಾಗಿ ಕೂರುತ್ತದೆ ಅಂತ ನಾನು ಹೇಳಿದರೆ ಟೈಲರ್ ಮಾತು ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೂ ನಾನು ಅವಳ ಬೆರಳಿನ ಗುರುತನ್ನೇ ಹಿಡಿಯುತ್ತೇನೆ. ಹಾಕಿಕೊಳ್ಳುವವಳು ಅವಳು.

ಒಂದು ತಿಂಗಳು ಮೊದಲೇ ಗೌನ್ ತನ್ನಿ. ಕೈಹೊಲಿಗೆಗೆ ಹೊತ್ತು ಹಿಡಿಯುತ್ತದೆ, ಮಧ್ಯೆ ಇನ್ನೊಂದು ಟ್ರಯಲ್ ಬೇಕೇ ಬೇಕು. ವಾಪಸ್ ಒಯ್ಯುವಾಗ ಕತ್ತರಿಸಿ ಉಳಿದ ತುಂಡು, ಬಿಚ್ಚಿದ ಲೇಸ್, ಮಣಿ ಎಲ್ಲವನ್ನೂ ಕೇಳಿ ಪಡೆದುಕೊಳ್ಳಿ. ಮುಂದೆ ತಂಗಿಗೆ ಅದೇ ಗೌನ್ ಸರಿಮಾಡಿಸುವಾಗ ಆ ಬಣ್ಣ ಬೇರೆಲ್ಲೂ ಸಿಗುವುದಿಲ್ಲ.